ದೇವರ ತಲೆಯ ಮೇಲಿನ ಕೋಣೆ

ವೆಸ್ಟ್ ಮಾಂಬಲಂನ ಆ ಹಳೆಯ ಹಂಚಿನ ಮನೆಯಲ್ಲಿ ದೇವರ ಕೋಣೆ ಬಿಟ್ಟರೆ ಮಲಗಲು ಇದ್ದದ್ದೇ ಎರಡು ಕೋಣೆ. ಒಂದು ಬೇಬಿ ಮತ್ತು ಅವಳ ಗಂಡ ಐತಪ್ಪನಿಗೆ. ಇನ್ನೊಂದು ಐತಪ್ಪನ ಅಣ್ಣ ರಘುರಾಮರಿಗೆ. ಅಣ್ಣ ಇರುವುದು ಉಡುಪಿಯಲ್ಲಿ. ಇಲ್ಲಿ ಐತಪ್ಪ ನಡೆಸುವ ಹೋಟೆಲಿನಲ್ಲಿ ಪಾಲುಂಟು ಅಂತ ಯಾವಾಗಲೋ ಒಮ್ಮೆ ಬಂದು ನಾಲ್ಕು ದಿನ ಮಲಗಿ ಹೋಗುವ ಈ ದೊಡ್ಡ ಮನುಷ್ಯರಿಗೆ ವರ್ಷವಿಡೀ ಒಂದು ಕೋಣೆ, ಅದಕ್ಕೊಂದು ಬೀಗ. ಮನೆಯ ಮಗಳು ಚೈತನ್ಯಾ ಮಾತ್ರ ಹುಟ್ಟಿದಂದಿನಿಂದ ಚಾವಡಿಯಲ್ಲಿ. ಸಿ.ಎ. ಓದುವ ಹುಡುಗಿ ಟಿವಿಗೂ ಬಾಗಿಲಿಗೂ ನಡುವೆ ಚಾಪೆ ಹಾಸಿಕೊಂಡು, ಬಂದವರಿಗೆಲ್ಲ ಎದ್ದು ದಾರಿ ಬಿಟ್ಟು ಓದಬೇಕು. ಇದಕ್ಕಿಂತ ಅನ್ಯಾಯ ಬೇರೆ ಉಂಟೇ?

ಭಾವನ ಕೋಣೆ ಕೇಳುವ ಹಾಗಿರಲಿಲ್ಲ. ಹಾಗಾಗಿ ಬೇಬಿ ಗಂಡನ ತಲೆ ತಿಂದು ತಿಂದು, 2002ರ ಬೇಸಿಗೆಯಲ್ಲಿ ಅಟ್ಟವನ್ನೇ ಮಗಳಿಗೊಂದು ಕೋಣೆ ಮಾಡಿಸಲು ಹೊರಟಳು.

ಅದೇನು ಸುಲಭವಾಗಿತ್ತೇ? ಹಂಚು ಹೊತ್ತ ಮರದ ತ್ರಿಕೋನಗಳು ಅಟ್ಟದ ತುಂಬ ಕಾಲು ಚಾಚಿ ನಿಂತಿದ್ದವು. ಓಡಾಡಲು ಅಡ್ಡವಾಗುವ ಮರಗಳನ್ನು ಕೊಯ್ದು ಬಿಸಾಡುವ ಅಂದ ಐತಪ್ಪ. ಇಂಜಿನಿಯರು ಹೌಹಾರಿಬಿಟ್ಟ. ಒಂದು ತುಂಡು ತೆಗೆದರೂ ಗೋಡೆ ಹೊರಕ್ಕೆ ವಾಲಿ ಹಂಚಿನ ಮಾಡೇ ಕುಸಿಯುತ್ತದಂತೆ. ಕಡೆಗೆ ಮರ ಮುಟ್ಟದೆ, ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆ ಕೊಟ್ಟು ನೆಲ ಹಾಸಿ, ನಟ್ಟನಡುವಿನ ಎರಡು ತ್ರಿಕೋನಗಳ ಮಧ್ಯೆ ಕೋಣೆ ಎಬ್ಬಿಸಿದರು. ತಲೆಯೆತ್ತಿ ನಿಲ್ಲಬಹುದಾದ ಜಾಗ ಅದೊಂದೇ. ಓರೆ ಮಾಡಿಗೆ ಒಂದು ಪುಟ್ಟ ಕಿಟಕಿಯೂ ಬಂತು. ಚೈತನ್ಯಾ ಪುಸ್ತಕಗಳನ್ನು ಮೇಲೆ ಸಾಗಿಸಿದಳು.

ಮರುವಾರ ರಘುರಾಮರು ಬಂದರು. ಅಟ್ಟ ಹತ್ತಿದರು, ಇಳಿದರು, ದೇವರ ಕೋಣೆಯ ಮುಂದೆ ನಿಂತು ಕತ್ತೆತ್ತಿ ನೋಡಿದರು.

"ಐತಪ್ಪ, ಇದರ ಸೀದಾ ಮೇಲೆ ಎಂತ ಉಂಟು, ನೋಡಿದ್ಯಾ? ಹುಡುಗಿ ತಿಂಗಳ ಮೂವತ್ತು ದಿನವೂ ದೇವರ ತಲೆ ಮೇಲೆ ಮಲಗುವುದಾ?"

ಐತಪ್ಪನೂ ಕತ್ತೆತ್ತಿ ನೋಡಿದ. ಮಾಡು, ಮರ, ಕಬ್ಬಿಣ ಎಲ್ಲವನ್ನೂ ಅಳೆದಿದ್ದರು. ಕೆಳಗಿನ ದೇವರು ಒಬ್ಬರಿಗೂ ನೆನಪಾಗಿರಲಿಲ್ಲ.

"ದೇವರನ್ನೇ ಮೇಲೆ ಇಡು. ಒಳ್ಳೆ ಗಾಳಿಯೂ ಉಂಟು," ಅಂದರು ಅಣ್ಣ.

"ಆಯ್ತಣ್ಣ," ಅಂದ ತಮ್ಮ. ಮಗಳ ಕಡೆ ತಿರುಗಿಯೂ ನೋಡಲಿಲ್ಲ.

"ವಿಡುಮ್ಮಾ, ನಾನ್ ಹಾಲ್‌ಲಯೇ ಪಡಿಚ್ಚುಕ್ಕಿರೇನ್," ಅಂತ ಚೈತನ್ಯಾ ಬೆಳೆದೂರಿನ ತಮಿಳಿನಲ್ಲೇ ಹೇಳಿ ಪುಸ್ತಕ ಇಳಿಸಲು ಹೊರಟಳು. ಬಿಡಮ್ಮಾ, ಚಾವಡಿಯಲ್ಲೇ ಓದಿಕೊಳ್ಳುತ್ತೇನೆ ಅನ್ನುವ ಆ ಮಾತು ಕೇಳಿ ಬೇಬಿ ಅವಳ ದಾರಿಗಡ್ಡ ನಿಂತಳು. ಹುಡುಗಿ ಜಗಳವಾಡಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಭಾವನ ಎದುರು ಮಾತಾಡುವ ಕ್ರಮ ಆ ಮನೆಯಲ್ಲಿಲ್ಲ. ಹೇಳುವುದಿದ್ದರೆ ಗಂಡನಿಗೆ ಹೇಳಬೇಕು. ಬೇಬಿ ಗಂಡನನ್ನೇ ನೋಡಿಕೊಂಡು ಶುರು ಮಾಡಿದಳು.

"ಹೋಟೆಲಿನಲ್ಲಿ ಗಲ್ಲಾದ ಹಿಂದೆ ದೇವರ ಪಟ ಉಂಟಲ್ಲ. ಅದರ ಮೇಲಿನ ಮಾಳಿಗೆಯಲ್ಲಿ ಕೆಲಸದವರು ಅಷ್ಟೂ ಜನ ಮಲಗ್ತಾರೆ. ಆ ದೇವರಿಗೆ ತಲೆ ಇಲ್ವಾ? ಕೇಳಿ ನಿಮ್ಮ ಅಣ್ಣನ ಹತ್ರ."

ರಘುರಾಮರೂ ತಮ್ಮನನ್ನೇ ನೋಡಿ ಉತ್ತರ ಕೊಟ್ಟರು. "ಅದು ವ್ಯಾಪಾರದ ಜಾಗ. ಅದು ಬೇರೆ, ಇದು ಬೇರೆ ಅಂತ ಹೇಳು ಅವಳಿಗೆ."

ನಡುವೆ ನಿಂತ ಐತಪ್ಪ ಒಮ್ಮೆ ಅಣ್ಣನ ಕಡೆ, ಒಮ್ಮೆ ಹೆಂಡತಿಯ ಕಡೆ ಕತ್ತು ತಿರುಗಿಸಿದ.

ಬೇಬಿ ಕೈಕಾಲು ತೊಳೆದು ಬಂದಳು. ದೇವರ ಪೀಠವನ್ನು ಎರಡೂ ಕೈಯಲ್ಲಿ ಎತ್ತಿ ನೇರ ಭಾವನ ಕೋಣೆಗೆ ನಡೆದಳು. ಅಲ್ಲಿದ್ದ ಮೇಜನ್ನು ಒರೆಸಿ ಅದರ ಮೇಲೆ ಪೀಠ ಇಟ್ಟಳು, ದೀಪ ಹಚ್ಚಿದಳು. ಭಾವನ ಸೂಟ್‌ಕೇಸನ್ನು ಹೊಸ್ತಿಲಿನಾಚೆ ತಂದಿಟ್ಟಳು.

"ನೀನೆಂತ ಮಾಡ್ತಾ ಇದ್ದಿ?" ಐತಪ್ಪ ಹೆದರಿ ಕೇಳಿದ.

"ಈ ಕೋಣೆಯ ಮೇಲೆ ಬರೀ ಹಂಚು. ಯಾರೂ ಮಲಗುವುದಿಲ್ಲ. ದೇವರಿಗೆ ಇದೇ ಸರಿ."

"ಮತ್ತೆ ಅಣ್ಣ ಎಲ್ಲಿ ಮಲಗುವುದು?"

ಮದುವೆಯಾಗಿ ಬಂದ ಮೇಲೆ ಮೊದಲ ಸಲ ಬೇಬಿ ಭಾವನ ಮುಖವನ್ನೇ ನೋಡಿದಳು.

"ಚಾವಡಿಯಲ್ಲಿ, ಭಾವ. ಚೈತನ್ಯಾಳ ಚಾಪೆ ಖಾಲಿ ಉಂಟು."