ತೊಟ್ಟಿಯಲ್ಲಿ ಎದ್ದ ಗುಳ್ಳೆ

ಬನ್ನೂರಿನ ಕಡೆ ಹೋದರೆ ಆ ಜೀಪು ಈಗಲೂ ಓಡಾಡುವುದನ್ನು ನೋಡಬಹುದು. ಹಸಿರು ಬಣ್ಣ, ಹಳೇ ಡೀಸೆಲ್ ಎಂಜಿನ್ನು. ಅದರ ಆಯಿಲ್ ಕೂಲರ್ ಸೋರುತ್ತಿತ್ತು, ಈಗ ತೊಟ್ಟೂ ಸೋರುವುದಿಲ್ಲ. ರಿಪೇರಿ ಮಾಡಿದವನು ನಾನೇ ಎಂದು ಅದರ ಹೊಸ ಯಜಮಾನ ಕಂಡಕಂಡವರಿಗೆಲ್ಲ ಹೇಳಿ ನನಗೆ ಗಿರಾಕಿಗಳನ್ನೂ ಕಳಿಸುತ್ತಾನೆ. ನಾನು ಅದಕ್ಕೆ ಒಂದು ಚುಕ್ಕೆ ಬೆಸುಗೆಯನ್ನೂ ಹಾಕಿಲ್ಲ.

ನನ್ನ ಹೆಸರು ಅಮೃತೇಶ್. ನಂಜನಗೂಡಿನಲ್ಲಿ ರೇಡಿಯೇಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಸೋರುವ ಗಾಡಿಗಳೇ ನನಗೆ ಅನ್ನ ಹಾಕುವುದು. ಗಾಳಿ, ಪೀಡೆ, ದೆವ್ವ ಎಂದು ಮಾತು ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಾಡಿಗೆ ನಿಂಬೆಹಣ್ಣು ಕಟ್ಟುವ ಕೈಯಲ್ಲೇ ಒಂದು ಸಲ ಆಯಿಲ್ ಮಟ್ಟ ನೋಡಿದ್ದರೆ ಅರ್ಧ ಎಂಜಿನ್ನುಗಳು ಉಳಿಯುತ್ತಿದ್ದವು ಎಂದು ಬೈಯುತ್ತಲೇ ಇರುತ್ತೇನೆ. ಹಾಗೆ ಬೈಯುವವನಿಗೇ ಇದು ಕಣ್ಣೆದುರು ನಡೆಯಬೇಕಾಗಿತ್ತೇನೋ.

ಜೀಪನ್ನು ತಂದವಳು ಹೆಮ್ಮಿಗೆಯ ಸಂಘಮಿತ್ರಾ. ನರಸೀಪುರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳೇ ಓಡಿಸಿಕೊಂಡು ಬಂದಿದ್ದಳು. ಪಕ್ಕದ ಸೀಟಿನಲ್ಲಿ ಅವಳ ತಾಯಿ ಮಹದೇವಮ್ಮ ಕೂತಿದ್ದರು. ಗಾಡಿ ನಿಂತರೂ ಅವರು ಇಳಿಯಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು, ಜೀಪಿನೊಳಗೆ ಕೂತರೆ ಬೇಯುವಂತಿತ್ತು, ಆದರೂ ಆಕೆ ಒಂದು ಕೈಯನ್ನು ಡ್ರೈವರ್ ಸೀಟಿನ ಮೇಲಿಟ್ಟುಕೊಂಡು ಸುಮ್ಮನೆ ಕೂತೇ ಇದ್ದರು.

ರೇಡಿಯೇಟರಿನೊಳಗೆ ಆಯಿಲ್ ಬರುತ್ತಿದೆ, ಇಬ್ಬರು ಮೆಕ್ಯಾನಿಕ್‌ಗಳು ಗ್ಯಾಸ್ಕೆಟ್ ಬದಲಾಯಿಸಿಯೂ ನಿಂತಿಲ್ಲ, ಬನ್ನೂರಿನವರೊಬ್ಬರು ಕೊಂಡುಕೊಳ್ಳಲು ಒಪ್ಪಿದ್ದಾರೆ, ಸರಿ ಮಾಡಿಕೊಡಬೇಕು ಎಂದಳು. ನಾನು ಮುಚ್ಚಳ ತೆಗೆದು ಬೆರಳು ಅದ್ದಿ ನೋಡಿದೆ. ನೀರು ಚಹಾದ ಹಾಗೆ ಕದಡಿತ್ತು. ಹಳೇ ಕೂಲರಿನ ಕಾಯಿಲೆ ಇದು. ಎಂಜಿನ್ನಿನ ಪಕ್ಕೆಯಲ್ಲಿ ಕೈಯಗಲದ ತಾಮ್ರದ ಕೂಲರ್ ಕೂತಿರುತ್ತದೆ. ಅದರೊಳಗೆ ಕಾದ ಆಯಿಲ್, ಹೊರಗೆ ಅದನ್ನು ತಣಿಸುವ ರೇಡಿಯೇಟರ್ ನೀರು. ನಡುವಿನ ತಗಡು ಒಂದು ಕೂದಲಿನಷ್ಟು ಸೀಳಿದರೂ ಸಾಕು, ಎರಡೂ ಬೆರೆತುಹೋಗುತ್ತವೆ.

ಕೆಳಗಿನ ನಲ್ಲಿ ತಿರುಗಿಸಿ ನೀರು ಬಸಿದಾಗ ತಟ್ಟೆಯ ತಳದಲ್ಲಿ ಕೆಸರು ನಿಂತಿತು. ಜೊತೆಗೆ ಪಾಚಿಯ ಎಳೆ, ಒಂದೆರಡು ಭತ್ತದ ಹೊಟ್ಟು. ನನ್ನ ನಾಲಗೆ ಸುಮ್ಮನಿರಬೇಕಲ್ಲ. ಇದನ್ನು ರಸ್ತೆಯಲ್ಲಿ ಓಡಿಸಿದ್ದೀರೋ ನಾಲೆಯಲ್ಲಿ ಓಡಿಸಿದ್ದೀರೋ ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕೆ. ಸಂಘಮಿತ್ರಾ ನನ್ನ ತೋಳು ಹಿಡಿದು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದಳು. ಅವಳ ಮುಖ ನೋಡಿ ನನ್ನ ನಗು ಉಡುಗಿತು.

ಜೀಪು ಅವಳ ಅಣ್ಣ ಸಿದ್ಧಾರ್ಥನದು. ಬಾಡಿಗೆಗೆ ಓಡಿಸುತ್ತಿದ್ದ. ಹೋದ ಮಳೆಗಾಲದಲ್ಲಿ ಹುಲ್ಲಹಳ್ಳಿ ಕಡೆಯಿಂದ ಒಬ್ಬನೇ ಬರುತ್ತಿದ್ದಾಗ ತುಂಬಿ ಹರಿಯುತ್ತಿದ್ದ ನಾಲೆಗೆ ಜೀಪಿನ ಸಮೇತ ಬಿದ್ದು ತೀರಿಕೊಂಡ. ಕ್ರೇನು ಬಂದು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾಯಿ ಅಳುತ್ತಾ ಕೇಳಿದ್ದು ಒಂದೇ ಮಾತು, ನನ್ನ ಮಗ ಒದ್ದಾಡಿದನೇ ಎಂದು. ಇಲ್ಲವ್ವ, ತಲೆಗೆ ಏಟು ಬಿದ್ದು ಕೂತಲ್ಲೇ ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದು ಇವಳು ಹೇಳಿದ್ದಳು. ಅದು ಸುಳ್ಳು. ಬಾಗಿಲು ತೆರೆಯದೆ ಸಿಕ್ಕಿಹಾಕಿಕೊಂಡಿದ್ದ. ನೀರಿನ ಮೇಲೆ ಬಹಳ ಹೊತ್ತು ಗುಳ್ಳೆಗಳು ಬರುತ್ತಿದ್ದವು ಎಂದು ದಡದಲ್ಲಿದ್ದವರು ಇವಳಿಗೆ ಹೇಳಿದ್ದರು. ಆ ಸುಳ್ಳನ್ನು ಹಿಡಿದುಕೊಂಡೇ ಅವ್ವ ಬದುಕಿದ್ದಾಳೆ, ಅವಳೆದುರು ನಾಲೆಯ ಸುದ್ದಿ ಎತ್ತಬೇಡಿ ಎಂದು ಸಂಘಮಿತ್ರಾ ಕೈ ಮುಗಿದಳು. ಮನೆಯಲ್ಲೂ ಅವ್ವ ದಿನಾ ಹೀಗೇ ಜೀಪಿನಲ್ಲಿ ಕೂರುತ್ತಾಳೆ, ಇದು ಮಾರಿಹೋದರೆ ಸಾಕು ಎಂದಳು. ನನಗೆ ನನ್ನ ಬಾಯಿಯ ಮೇಲೇ ಅಸಹ್ಯವಾಯಿತು.

ಹೇಗೋ ಪುಸಲಾಯಿಸಿ ಮಹದೇವಮ್ಮನವರನ್ನು ಎದುರಿನ ಟೀ ಅಂಗಡಿಯ ನೆರಳಿಗೆ ಕಳಿಸಿದೆವು. ಎಂಜಿನ್ನು ತಣ್ಣಗಾದ ಮೇಲೆ ನಾನು ಬೋಲ್ಟುಗಳನ್ನು ಬಿಚ್ಚಿ ಕೂಲರನ್ನು ಹೊರಗೆ ತೆಗೆದೆ.

ಸೋರುವ ಜಾಗ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆಂದೇ ಅಂಗಡಿಯ ಮುಂದೆ ಹೊಂಗೆ ಮರದ ಕೆಳಗೆ ಸಿಮೆಂಟಿನ ನೀರು ತೊಟ್ಟಿ ಇದೆ. ಕೂಲರಿನ ಒಂದು ಬಾಯಿಗೆ ರಬ್ಬರ್ ಬಿರಡೆ ಬಡಿದು, ಇನ್ನೊಂದಕ್ಕೆ ಕಂಪ್ರೆಸರ್ ಪೈಪು ಸಿಕ್ಕಿಸಿ, ನೀರಿನಲ್ಲಿ ಮುಳುಗಿಸಿ ಗಾಳಿ ಬಿಡುತ್ತೇವೆ. ಸೀಳಿದ ಜಾಗದಿಂದ ಗುಳ್ಳೆ ಏಳುತ್ತದೆ. ಅಲ್ಲಿ ಗುರುತು ಮಾಡಿ ಬೆಸುಗೆ ಹಾಕುತ್ತೇವೆ. ಅಂದು ನಾನು ಎರಡು ಬಾಯಿಗೂ ಬಿರಡೆ ಹಾಕಿ, ಮೇಲಿನ ಜಿಡ್ಡು ಮೊದಲು ನೆನೆಯಲಿ ಎಂದು ಕೂಲರನ್ನು ನೀರಿಗೆ ಬಿಟ್ಟು ಪೈಪು ತರಲು ಹೋದೆ.

ತಿರುಗಿ ಬಂದಾಗ ಗುಳ್ಳೆ ಏಳುತ್ತಿತ್ತು.

ಗಾಳಿ ಕೊಡುವ ಪೈಪು ನನ್ನ ಕೈಯಲ್ಲಿತ್ತು. ಒಳಗೆ ಉಳಿದಿದ್ದ ಗಾಳಿ ಹೊರಗೆ ಬರುತ್ತಿದೆ, ಈಗ ನಿಲ್ಲುತ್ತದೆ ಎಂದುಕೊಂಡೆ. ನಿಂತಿತು. ಮತ್ತೆ ಬಂತು. ಸಣ್ಣ ಗುಳ್ಳೆಗಳ ಒಂದು ಸಾಲು, ಸ್ವಲ್ಪ ಬಿಡುವು, ಮತ್ತೆ ಒಂದು ಸಾಲು. ಬಿಡುವು ಎಲ್ಲ ಸಲವೂ ಒಂದೇ ಅಳತೆಯದು. ಬೊಗಸೆಯಷ್ಟು ಗಾಳಿಯೂ ಹಿಡಿಯದ ಕೂಲರಿನೊಳಗಿಂದ ಅದು ನಿಲ್ಲದೆ ಬರುತ್ತಲೇ ಇತ್ತು. ತೊಟ್ಟಿಯ ನೀರು ಬೆಳಿಗ್ಗೆ ಬದಲಾಯಿಸಿದ್ದು, ಅದರಿಂದ ಈಗ ಪಾಚಿ, ಹಸಿ ಜೇಡಿಮಣ್ಣಿನ ವಾಸನೆ ಏಳುತ್ತಿತ್ತು. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ಬಿಸಿಲು ಸುಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ಗುಳ್ಳೆ ಎದ್ದಾಗ ನಾನೂ ಉಸಿರು ಬಿಡುತ್ತಿದ್ದೆ, ನಿಂತಾಗ ಎಳೆದುಕೊಳ್ಳುತ್ತಿದ್ದೆ.

ಸಂಘಮಿತ್ರಾ ಬಂದು ಪಕ್ಕದಲ್ಲಿ ನಿಂತಳು. ನರ್ಸು ಅವಳು, ಅದು ಏನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಅವಳ ಕೈ ತನ್ನಷ್ಟಕ್ಕೇ ರೋಗಿಯ ನಾಡಿ ಹಿಡಿಯುವಂತೆ ಮುಂದೆ ಬಂದು ಅಲ್ಲೇ ನಿಂತಿತು.

“ಅಣ್ಣ, ಅದನ್ನ ಆಚೆ ತೆಗೀರಿ,” ಎಂದಳು. “ಅವ್ವ ಬರೋದ್ರೊಳಗೆ ತೆಗೀರಿ.”

ನಾನು ತೆಗೆಯಬೇಕಾಗಿತ್ತು. ಕೈ ನೀರಿಗೆ ಹೋಗಲಿಲ್ಲ. ಸುಳ್ಳು ಹೇಳುವುದಿಲ್ಲ, ಹೆದರಿದ್ದೆ. ಹೆದರಿದರೆ ನನಗೆ ಸಿಟ್ಟು ಬರುತ್ತದೆ, ನೀನೇ ತೆಗಿ ಎಂದು ಅವಳ ಮೇಲೇ ರೇಗಿದೆ. ಅವಳಿಗೂ ಆಗಲಿಲ್ಲ. ಇಬ್ಬರೂ ಬಗ್ಗಿ ನೋಡುತ್ತಾ ನಿಂತುಬಿಟ್ಟೆವು. ಗುಳ್ಳೆಗಳ ನಡುವಿನ ಬಿಡುವು ಈಗ ಕಡಿಮೆಯಾಗುತ್ತಾ ಬಂದಿತ್ತು. ಅವಸರ ಅವಸರವಾಗಿ ಏಳುತ್ತಿದ್ದವು.

ಮಹದೇವಮ್ಮ ಯಾವಾಗ ರಸ್ತೆ ದಾಟಿ ಬಂದರೋ ಗೊತ್ತಿಲ್ಲ. ತೊಟ್ಟಿಯ ಆ ಬದಿಯಲ್ಲಿ ನಿಂತಿದ್ದರು. ಸಂಘಮಿತ್ರಾ ಅಡ್ಡ ನಿಲ್ಲಲು ಹೋದಳು. ಮುದುಕಿ ಮಗಳನ್ನು ಮೆಲ್ಲಗೆ ಬದಿಗೆ ಸರಿಸಿದರು.

“ಗಾಳಿ ಬುಟ್ಟಿದ್ದೀಯೇನಪ್ಪ?” ಎಂದು ನನ್ನನ್ನು ಕೇಳಿದರು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುತ್ತಿದ ಪೈಪು ನನ್ನ ಕೈಯಲ್ಲೇ ಇತ್ತು, ಆಕೆಯ ಕಣ್ಣು ಅದರ ಮೇಲಿತ್ತು. ಇಲ್ಲ ಕಣವ್ವ ಎಂದೆ.

ಅವರು ತೊಟ್ಟಿಯ ಮೇಲೆ ಬಗ್ಗಿದರು.

“ಮಿತ್ರಾ, ಅವತ್ತೂ ಇಂಗೇ ಬತ್ತಿತ್ತಾ?”

ಮಗಳು ತೊಟ್ಟಿಯ ಅಂಚು ಹಿಡಿದುಕೊಂಡಳು.

“ಎಷ್ಟೊತ್ತು ಬತ್ತಿತ್ತು ಅಂತ ಏಳವ್ವ.”

ಸಂಘಮಿತ್ರಾಳ ಆಸ್ಪತ್ರೆಯ ಮಾತು, ಓದಿನ ಮಾತು ಎಲ್ಲ ಎಲ್ಲಿ ಹೋಯಿತೋ. “ಬಾಳ ಒತ್ತು ಕಣವ್ವ,” ಎಂದಳು. “ದಡದ್ ಮೇಲೆ ಜನ ಇದ್ರಂತೆ. ಎಲ್ರೂ ನೋಡ್ತಾ ನಿಂತಿದ್ರಂತೆ. ಯಾರೂ ಇಳೀಲಿಲ್ವಂತೆ.”

ಮಹದೇವಮ್ಮ ಎದೆ ಬಡಿದುಕೊಳ್ಳುತ್ತಾರೆ, ಬಿದ್ದೇ ಹೋಗುತ್ತಾರೆ ಎಂದು ನಾನು ಹಿಡಿಯಲು ಮುಂದಾದೆ. ಅವರು ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿದರು.

“ಮತ್ ನೀವಿಬ್ರೂ ಯಾಕ್ ನೋಡ್ಕಂಡ್ ನಿಂತಿದ್ದೀರಿ?”

ಹಾಗೆ ಕೇಳಿ, ಬಳೆಯ ಕೈಗಳೆರಡನ್ನೂ ಮೊಣಕೈವರೆಗೆ ನೀರಿಗಿಳಿಸಿ ಕೂಲರನ್ನು ಮೇಲಕ್ಕೆತ್ತಿದರು. ಹೊಂಗೆ ಮರದ ಬುಡದಲ್ಲಿ ಕಾಲು ಚಾಚಿ ಕೂತು ಅದನ್ನು ಮಡಿಲಿಗೆ ಹಾಕಿಕೊಂಡರು. ಉಗುರಿನಿಂದ ಬಿರಡೆಗಳನ್ನು ಎಬ್ಬಿಸಿ ಬಿಸಾಕಿದರು. ಬಗ್ಗಿಸಿ, ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟಿದರು. ಅದರೊಳಗಿಂದ ಕೆಂಪು ನೀರು ಬಂತು. ಸೀರೆ ನೆನೆದು, ನೆಲ ನೆನೆದು, ನನ್ನ ಚಪ್ಪಲಿಯವರೆಗೆ ಹರಿದು ಬಂತು. ಅಷ್ಟು ನೀರು ಆ ಕೂಲರಿನಲ್ಲಿ ಹಿಡಿಯುವುದಿಲ್ಲ.

ಆಮೇಲೆ ಉಸಿರು ಕೇಳಿಸತೊಡಗಿತು. ನೀರಿಲ್ಲದೆಯೂ. ಮೊದಲು ಗೊರಗೊರ ಎನ್ನುತ್ತಿತ್ತು, ಆಮೇಲೆ ತಿಳಿಯಾಯಿತು. ಮಹದೇವಮ್ಮ ಸೆರಗಿನಿಂದ ತಾಮ್ರವನ್ನು ಒರೆಸುತ್ತಾ, ಇಲ್ಲೇ ಇದ್ದೀನಿ ಎಂದು ಅದಕ್ಕೆ ಹೇಳುತ್ತಾ ಇದ್ದರು. ಅವಸರ ಇಳಿಯಿತು. ಬಿಡುವು ಉದ್ದವಾಗುತ್ತಾ ಹೋಯಿತು. ಒಂದು ಸಲ ಬಹಳ ದೀರ್ಘವಾಗಿ ಬಂತು, ಆಕೆಯ ಸೆರಗಿನ ತುದಿ ಅಲುಗಿತು. ಮುಂದಿನದಕ್ಕೆ ನಾವು ಮೂವರೂ ಕಾದೆವು. ಬರಲಿಲ್ಲ.

ಸುಮಾರು ಹೊತ್ತಾದ ಮೇಲೆ ಅವರೇ ಕೂಲರನ್ನು ನನ್ನ ಕೈಗೆ ಕೊಟ್ಟು, ಈಗ ನೀರಿಗೆ ಹಾಕು ಎಂದರು. ಬೇರೆ ಬಿರಡೆ ಬಡಿದು, ಪೈಪು ಸಿಕ್ಕಿಸಿ, ಕೂಲರನ್ನು ಮುಳುಗಿಸಿ ಪೂರ್ತಿ ಗಾಳಿ ಬಿಟ್ಟೆ. ಎಲ್ಲ ಮಗ್ಗುಲಿಗೂ ತಿರುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಸಂಘಮಿತ್ರಾ ತೊಟ್ಟಿಯ ಗೋಡೆಗೊರಗಿ ನೆಲದ ಮೇಲೆ ಕುಸಿದಿದ್ದಳು. ವರ್ಷವೆಲ್ಲ ಒಬ್ಬಳೇ ಹೊತ್ತುಕೊಂಡು ತಿರುಗಿದ್ದದ್ದು ಈಗ ಹೊರಗೆ ಬಂದಿತ್ತು. ಸುಳ್ಳು ಹೇಳಿಬಿಟ್ಟೆ ಕಣವ್ವ, ಅವನು ಒಬ್ಬನೇ ಒದ್ದಾಡಿ ಹೋದ ಎಂದು ಮಕ್ಕಳ ಹಾಗೆ ಬಿಕ್ಕುತ್ತಿದ್ದಳು.

“ಒಬ್ನೇ ಓಗ್ನಿಲ್ಲ ಕಣ್ ಸುಮ್ಕಿರು,” ಎಂದರು ಮಹದೇವಮ್ಮ. “ನನ್ ಮಡ್ಲಲ್ಲೇ ಓದ, ನೀನೇ ನೋಡ್ನಿಲ್ವಾ.”

ಮತ್ತೆ, ಕೆಸರಾದ ಆ ಮಡಿಲಿಗೇ ಮಗಳ ತಲೆಯನ್ನು ಎಳೆದುಕೊಂಡರು.