ಮಹಡಿ ಹತ್ತದ ನೀರು

ತಲೆಗೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ ಗಳಿಗೆಗೆ ಸರಿಯಾಗಿ ಮೇಲಿನ ಬಚ್ಚಲಿನ ನಲ್ಲಿ ಗೊರಗೊರ ಎಂದು ನಿಂತುಹೋಗುತ್ತಿತ್ತು. ಒಂದು ದಿನವಾದರೆ ಆಕಸ್ಮಿಕ, ಎರಡು ದಿನವಾದರೆ ಗ್ರಹಚಾರ. ಹನ್ನೊಂದು ದಿನ ಹೀಗೇ ಆದಾಗ ಮಹಡಿಯ ಕಿರಿಸೊಸೆಗೆ ಅದರಲ್ಲಿ ಯಾರದೋ ಕೈವಾಡ ಕಾಣತೊಡಗಿತು. ಯಾರದೋ ಏನು, ಕೆಳಗಿನ ಮನೆಯ ಓರಗಿತ್ತಿಯದೇ.

ಕಿರಿಸೊಸೆ ಮನೆಯಲ್ಲೇ ಮೆಷಿನ್ನು ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿಗೆ ಒಂದೆಳೆ ಸಡಿಲವಾದರೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ಅಣ್ಣತಮ್ಮಂದಿರು ಅಪ್ಪನ ಮನೆ ಹಂಚಿಕೊಂಡಾಗ ಅಣ್ಣನಿಗೆ ಕೆಳಗಿನದು, ತಮ್ಮನಿಗೆ ಮೇಲಿನದು ಬಂದಿತ್ತು. ಬೀದಿಯ ನೀರು ಮೆಟ್ಟಿಲ ಕೆಳಗೆ ಎರಡು ಪೈಪುಗಳಾಗಿ ಕವಲೊಡೆಯುತ್ತಿತ್ತು. ಒಂದು ಕೆಳಮನೆಗೆ, ಇನ್ನೊಂದು ಹಿರಿಸೊಸೆ ಮಲಗುವ ಕೋಣೆಯ ಗೋಡೆಯೊಳಗಿಂದ ಮಹಡಿಗೆ. ಮಹಡಿಯ ಪೈಪಿಗೆ ಮೆಟ್ಟಿಲ ಕೆಳಗಿನ ಕವಲಿನಲ್ಲೇ ಒಂದು ವಾಲ್ವು ಇತ್ತು.

“ನಿಮ್ಮ ಅತ್ತಿಗೆ ವಾಲ್ವು ತಿರುಗಿಸ್ತಿದಾರೆ ರೀ,” ಎಂದಳು ಗಂಡನಿಗೆ.

ಬಸ್ಸು ಓಡಿಸುವ ಗಂಡ ಬೂಟಿನ ದಾರ ಕಟ್ಟಿಕೊಳ್ಳುತ್ತಾ, “ಬೀದಿಲೇ ಒತ್ತಡ ಕಮ್ಮಿ. ಇಡೀ ಸಾಲಿಗೇ ಹಾಗೆ,” ಎಂದ.

“ನಾನು ಬಚ್ಚಲಿಗೆ ಹೋದಾಗಲೇ ಇಡೀ ಸಾಲಿಗೆ ಕಮ್ಮಿಯಾಗತ್ತಾ?”

“ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ ಕಣೇ,” ಎಂದು ಅವನು ಮೆಟ್ಟಿಲಿಳಿದ.

ಆ ಮಾತು ಚುಚ್ಚಿತು. ಮಧ್ಯಾಹ್ನ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಮೆಟ್ಟಿಲ ಕೆಳಗೆ ಬಗ್ಗಿದಳು. ವಾಲ್ವನ್ನು ಪೂರ್ತಿ ತೆರೆದು, ತಿರುಗಣೆಯಿಂದ ಪೈಪಿನವರೆಗೆ ಕೂದಲೆಳೆಯಂಥ ಗೆರೆ ಎಳೆದಳು. ಅಷ್ಟರಲ್ಲಿ ಒಳಗೆ ಏನೋ ಭಾರದ್ದನ್ನು ನೆಲದ ಮೇಲೆ ಎಳೆದ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದರೆ, ಹಿರಿಸೊಸೆ ಒಬ್ಬಳೇ ಬಟ್ಟೆಯ ಬೀರುವನ್ನು ಗೋಡೆಗೆ ತಳ್ಳುತ್ತಿದ್ದಳು. ಇವಳನ್ನು ಕಂಡವಳೇ ಪರದೆ ಎಳೆದುಬಿಟ್ಟಳು. ಮುಚ್ಚಿಡುವಂಥದ್ದು ಇಲ್ಲದಿದ್ದರೆ ಪರದೆ ಯಾಕೆ?

ಮರುದಿನ ಬೆಳಿಗ್ಗೆ ಗೆರೆ ತುಂಡಾಗಿತ್ತು. ತಿರುಗಣೆ ಎರಡೂವರೆ ಸುತ್ತು ಬಿಗಿದಿತ್ತು. ಕೋಪಕ್ಕಿಂತ ಮೊದಲು ಅವಳಿಗೆ ಒಂಥರಾ ಸಮಾಧಾನವಾಯಿತು; ಕಣ್ಣು ಹಳದಿಯಾಗಿರಲಿಲ್ಲ. ಮೂರನೆಯವರೊಬ್ಬರ ಎದುರಿಗೇ ಬಯಲಾಗಲಿ ಎಂದು ಪ್ಲಂಬರನ್ನು ಕರೆಸಿದಳು.

“ಇದನ್ನ ಬಿಗಿದಿದ್ದು ಯಾರಮ್ಮ?” ಎಂದ ಪ್ಲಂಬರು.

“ಅವರನ್ನೇ ಕೇಳಿ.”

ಬಾಗಿಲಲ್ಲಿ ನಿಂತಿದ್ದ ಹಿರಿಸೊಸೆ ತಡವರಿಸಲಿಲ್ಲ. “ನಾನೇ. ಏನೀಗ? ನಿನ್ನ ನೀರು ನಿಂತ್ರೇನೇ ನನ್ನ ಗೋಡೆ ಒಣಗೋದು.”

“ಯಾವ ಗೋಡೆ?”

“ಏನೂ ಗೊತ್ತಿಲ್ಲದವಳ ಹಾಗೆ ಆಡಬೇಡ. ಬಾ, ನೋಡು.”

ಮೂವರೂ ಸೇರಿ ಬೀರು ಸರಿಸಿದರು. ಹಿಂದೆ ಗೋಡೆ ಸೂರಿನಿಂದ ಮೊಣಕಾಲೆತ್ತರದವರೆಗೆ ಕಪ್ಪಾಗಿ ಉಬ್ಬಿತ್ತು. ಮುಟ್ಟಿದರೆ ಗಾರೆ ಒದ್ದೆ ಹಿಟ್ಟಿನಂತೆ ಕೈಗೆ ಬರುತ್ತಿತ್ತು.

“ಮೇಲೆ ಬೇಕಂತಲೇ ನೀರು ಸುರೀತಿದೀಯ ಅಂದ್ಕೊಂಡೆ,” ಎಂದಳು ಹಿರಿಸೊಸೆ. “ಕೋಣೆ ಹಾಳಾದ್ರೆ ನಾವೇ ಬಿಟ್ಟು ಹೋಗ್ತೀವಿ, ಮನೆಯೆಲ್ಲಾ ನಿಮ್ಮದಾಗತ್ತೆ ಅಂತ. ನೀನು ನೋಡಿ ನಗೋದು ಬೇಡ ಅಂತಲೇ ಬೀರು ಅಡ್ಡ ಇಟ್ಟೆ.”

“ಸುರಿಯೋಕೆ ನಂಗೆ ನೀರು ಬಂದ್ರೆ ತಾನೇ ಅಕ್ಕ? ಒಂದು ಮಾತು ಕೇಳಬಾರದಿತ್ತಾ?”

“ನೀನು ಕೇಳಿದ್ಯಾ, ವಾಲ್ವಿನ ವಿಷಯ?”

ಕಿರಿಸೊಸೆ ಬೆರಳಿಗಂಟಿದ ಗಾರೆಯನ್ನು ಉಜ್ಜತೊಡಗಿದಳು. ಪ್ಲಂಬರು ನಗು ನುಂಗಿಕೊಂಡು ಗೋಡೆಗೆ ಕಿವಿಯಿಟ್ಟ. ಉಳಿಯಿಂದ ನಾಲ್ಕು ಏಟು ಹಾಕುತ್ತಲೇ ಒಳಗಿನ ಪೈಪಿನ ಮೂಲೆಯಲ್ಲಿ ಸೀಳು ಕಂಡಿತು.

ಸಂಜೆಯೊಳಗೆ ಹೊಸ ಪೈಪು ಬಂತು. ಆದರೂ ಮೇಲಿನ ನಲ್ಲಿಯಲ್ಲಿ ನೀರು ಕಿರುಬೆರಳ ದಪ್ಪವೇ. ಕೆಳಗೆ ನಲ್ಲಿ ತಿರುಗಿಸಿದರೆ ಅದೂ ನಿಲ್ಲುತ್ತಿತ್ತು.

“ಬೀದಿ ನೀರಿಗೆ ಮೆಟ್ಟಿಲು ಹತ್ತೋ ತಾಕತ್ತಿಲ್ಲಮ್ಮ,” ಎಂದ ಪ್ಲಂಬರು. “ಬೀದಿ ಪೈಪಿಗೇ ಪಂಪು ಕಚ್ಚಿಸಿದ್ರೆ ಅಕ್ಕಪಕ್ಕದವರ ನೀರು ಎಳ್ಕೊಂಡ ಹಾಗಾಗತ್ತೆ. ಕೆಳಗೊಂದು ತೊಟ್ಟಿ ಇಟ್ಟು ತುಂಬಿಸ್ಕೊಳ್ಳಿ. ಅದರಿಂದ ಮೇಲಕ್ಕೆ ತಳ್ಳಬಹುದು.”

ತೊಟ್ಟಿಗೆ ಜಾಗವಿದ್ದದ್ದು ಹಿರಿಸೊಸೆಯ ಹಿತ್ತಲಲ್ಲಿ ಮಾತ್ರ. ಕಿರಿಸೊಸೆ ಹಿತ್ತಲ ಬಾಗಿಲ ಕಡೆ ನೋಡಿದಳು.

“ಒಗೆಯೋ ಕಲ್ಲಿನ ಪಕ್ಕ ಇಡಿ,” ಎಂದಳು ಹಿರಿಸೊಸೆ. “ಆದ್ರೆ ಸ್ವಿಚ್ಚು ನನ್ನ ಕಡೆ ಇರ್ಲಿ.”

“ಸ್ವಿಚ್ಚು ಮೇಲೇ ಇರ್ಲಿ ಅಕ್ಕ.”

“ಎರಡೂ ಕಡೆ ಹಾಕಿಸ್ತೀನಿ ಬಿಡಿ,” ಎಂದ ಪ್ಲಂಬರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ನಾಲ್ಕನೆಯ ದಿನ ಪಂಪು ಕೂತಿತು. ಕಿರಿಸೊಸೆ ಆವತ್ತು ನಡುವೆ ನಿಲ್ಲದ ನೀರಲ್ಲಿ ಎರಡು ಸಲ ತಲೆ ತೊಳೆದಳು.

ಮುಂದಿನ ವಾರ ಹಿರಿಸೊಸೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮನೆ ಪಾಲಾದ ಮೇಲೆ ಅವಳು ಮೇಲೆ ಬಂದದ್ದು ಅದೇ ಮೊದಲು.

“ಕೆಳಗೆ ಇವತ್ತು ತೊಟ್ಟಿಕ್ತಾ ಇದೆ ಅಷ್ಟೇ. ನಿಮ್ಮಲ್ಲಿ ಜೋರಾಗಿದೆಯಲ್ಲ, ಇಲ್ಲೇ ಸ್ನಾನ ಮುಗಿಸ್ಕೊಂಡು ಹೋಗ್ತೀನಿ.”

“ಹೋಗಿ ಅಕ್ಕ, ಅದಕ್ಕೇನು.”

ಬಚ್ಚಲ ಬಾಗಿಲು ಮುಚ್ಚಿತು. ಕಿರಿಸೊಸೆ ಅಂಗಿಯೊಂದರ ತೋಳು ಜೋಡಿಸುತ್ತಾ ಕೂತಳು. ಬಕೆಟ್ಟು ತುಂಬಿದ ಸದ್ದು. ಮತ್ತೊಂದು. ಇನ್ನೂ ಒಂದು. ಮೂರಾಯಿತಲ್ಲ ಎಂದುಕೊಂಡವಳಿಗೆ ತಾನು ಎಣಿಸುತ್ತಿದ್ದೇನೆಂದು ಅರಿವಾಗಿ ನಾಚಿಕೆಯಾಯಿತು. ನೀರಿನ ಸದ್ದು ಕಿವಿಗೆ ಬೀಳದಂತೆ ಮೆಷಿನ್ನನ್ನು ಜೋರಾಗಿ ತುಳಿಯತೊಡಗಿದಳು.