ನಿಂಬೆ ಹಿಂಡದ ಗೊಜ್ಜು

"ಬಾಯಿ ತೆಗಿ," ಅಂದಳು ಎಟೆಲ್ಕಾ. "ಇನ್ನೂ ಸ್ವಲ್ಪ. ಎಷ್ಟು ಆಗುತ್ತೋ ಅಷ್ಟು."

ಚಿಲ್ಲಾ ಬಾಯಿ ತೆಗೆಯಲು ನೋಡಿದಳು. ತುಟಿಗಳು ಬೇರೆಯಾದವು, ಹಲ್ಲುಗಳು ಆಗಲಿಲ್ಲ. ಎಡಗಡೆಯ ದವಡೆ ಕಿವಿಯ ಕೆಳಗಿನಿಂದ ಗದ್ದದವರೆಗೆ ಊದಿಕೊಂಡು ಚರ್ಮ ಬಿಗಿದು ಹೊಳೆಯುತ್ತಿತ್ತು. ರಕ್ತ ಬೆರೆತ ಜೊಲ್ಲು ಗದ್ದದಿಂದ ಇಳಿದು ಏಪ್ರನ್ ಮೇಲೆ ತೊಟ್ಟಿಕ್ಕುತ್ತಿತ್ತು. ಅತ್ತೆ ತನ್ನೆರಡು ಹೆಬ್ಬೆರಳುಗಳನ್ನು ಸೊಸೆಯ ದವಡೆಯ ಎರಡೂ ಬದಿಗೆ ಇಟ್ಟು, ಸಂತೆಯಲ್ಲಿ ಹಣ್ಣು ಒತ್ತಿ ನೋಡುವವರ ಹಾಗೆ ಮೆಲ್ಲಗೆ ಒತ್ತುತ್ತಾ ಬಂದಳು. ಒಂದು ಜಾಗದಲ್ಲಿ ಬೆರಳು ನಿಂತಿತು. ಚಿಲ್ಲಾಳ ಗಂಟಲಿನಿಂದ ಕರುವಿನಂಥ ದನಿ ಹೊರಟಿತು.

"ಮುರಿದಿಲ್ಲ," ಅಂದಳು ಎಟೆಲ್ಕಾ ಕೈ ತೆಗೆದು. "ಮುರಿದಿದ್ರೆ ಹೀಗೆ ಕೂತ್ಕೊಳ್ಳೋಕೇ ಆಗ್ತಿರ್ಲಿಲ್ಲ ನಿಂಗೆ. ಅಗಿಯೋ ಹಾಗಿಲ್ಲ, ಅಷ್ಟೆ. ತಡಿ, ಗೊಜ್ಜು ಮಾಡ್ಕೊಡ್ತೀನಿ."

ಭಾನುವಾರವಾದರೂ ತೋಟದಲ್ಲಿ ಕೊಯ್ಲು ನಿಂತಿರಲಿಲ್ಲ. ಆ ವರ್ಷ ತೀಸಾ ನದಿಯ ಆಚೀಚೆಗಿನ ಊರುಗಳಲ್ಲೆಲ್ಲ ಜೋನಾಥನ್ ಜಾತಿಯ ಸೇಬು ಬೇಗ ಕೆಂಪೇರಿ ಉದುರತೊಡಗಿತ್ತು. ಬೆಳಿಗ್ಗೆ ಎಟೆಲ್ಕಾಳ ಮಗ ಬಾಲಿಂಟ್ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವಾಗ ಟ್ರೇಲರನ್ನು ಬಾವಿಯ ಕಂಬಕ್ಕೆ ಗುದ್ದಿಸಿದ್ದ. ಮೇಲಿನ ಪೆಟ್ಟಿಗೆಗಳು ಮಗುಚಿ ಸೇಬುಗಳು ಅಂಗಳದ ಕೋಳಿಗಳ ನಡುವೆ ಉರುಳಿದವು. ಕೊಯ್ಯಲು ಬಂದಿದ್ದ ಹೆಂಗಸರು ನಕ್ಕರು. ಚಿಲ್ಲಾ ಕೂಡ ನಕ್ಕಳು. ಬಾಲಿಂಟ್ ಆ ಹೆಂಗಸರಿಗೆ ಏನೂ ಅನ್ನಲಿಲ್ಲ. ಟ್ರ್ಯಾಕ್ಟರ್ ಆರಿಸಿ, ಇಳಿದು ಬಂದು, ಹೆಂಡತಿಯ ತೋಳು ಹಿಡಿದು, ಏನೋ ತೋರಿಸುವವನ ಹಾಗೆ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಮೊದಲು ಮುಷ್ಟಿಯಿಂದ ಹೊಡೆದ. ಆಮೇಲೆ ಕೂದಲು ಹಿಡಿದು ಮುಖವನ್ನು ಮರದ ಪೆಟ್ಟಿಗೆಗಳ ಮೂಲೆಗೆ ಅಪ್ಪಳಿಸಿದ. ಹೆಂಗಸರಿಗೆ ಸದ್ದು ಕೇಳಿಸಿತು. ಅವರು ತಮ್ಮ ತಮ್ಮ ಏಣಿ ಹತ್ತಿಕೊಂಡರು. ಬಾಲಿಂಟ್ ಬಾವಿಯ ಹತ್ತಿರ ಕೈ ತೊಳೆದುಕೊಂಡು, ಕಾರು ತೆಗೆದುಕೊಂಡು ಹೆಂಡದಂಗಡಿಗೆ ಹೋದ.

ಎಟೆಲ್ಕಾ ಹಿತ್ತಲ ಬಾಗಿಲ ಬಳಿಯ ಬುಟ್ಟಿಯಿಂದ ಸೇಬುಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿದಳು. ಸಿಪ್ಪೆ ತೆಗೆಯುವ ಗೋಜಿಗೆ ಹೋಗಲಿಲ್ಲ. ಗಾಲಿಯ ಆಕಾರದ, ಅರಗಳಂತೆ ಅಲಗುಗಳಿರುವ ಕತ್ತರಿಯನ್ನು ಸೇಬಿನ ನೆತ್ತಿಗೆ ಇಟ್ಟು ಎರಡೂ ಕೈಯಿಂದ ಒತ್ತಿದರೆ ಹಣ್ಣು ಹೂವಿನ ಹಾಗೆ ಹೋಳಾಗಿ ಬಿಚ್ಚಿಕೊಳ್ಳುತ್ತಿತ್ತು, ನಡುವಿನ ಬೀಜದ ದಿಂಡು ಬೇರೆಯಾಗಿ ನಿಲ್ಲುತ್ತಿತ್ತು. ಟಕ್, ಟಕ್, ಟಕ್. ಹೋಳುಗಳು ಕುಕ್ಕರಿಗೆ ಬಿದ್ದವು, ತಳ ಹಿಡಿಯದಷ್ಟು ನೀರು ಬಿತ್ತು, ಮುಚ್ಚಳ ತಿರುಗಿ ಕಚ್ಚಿಕೊಂಡಿತು. ಹಬೆ ಏರಿ ಕಿಟಕಿಯ ಗಾಜು ಮಬ್ಬಾಗುವ ಹೊತ್ತಿಗೆ ಅವಳು ಕೈಹಿಡಿ ತಿರುಗಿಸುವ ಜರಡಿಯನ್ನು ತೊಳೆದು ಬೋಗುಣಿಯ ಮೇಲೆ ಕೂರಿಸಿಯೂ ಆಗಿತ್ತು. ಆ ಕೆಲಸದಲ್ಲಿ ಅವಳ ಕೈ ಎಲ್ಲೂ ತಡೆಯುತ್ತಿರಲಿಲ್ಲ, ಕಣ್ಣು ಕೂಡ ಬೇಕಾಗುತ್ತಿರಲಿಲ್ಲ.

ಚಿಲ್ಲಾ ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು. ಮದುವೆಯಾಗಿ ಬಂದಮೇಲೆ ಹಂದಿಮಾಂಸದ ಜೊತೆಗೆ ಅತ್ತೆ ಮಾಡುವ ಸೇಬಿನ ಗೊಜ್ಜನ್ನು ಎಷ್ಟೋ ಸಲ ತಿಂದಿದ್ದಳು. ಅದಕ್ಕೆ ನಿಂಬೆ ಬೀಳುತ್ತಿತ್ತು, ಚಕ್ಕೆ ಬೀಳುತ್ತಿತ್ತು, ಒಮ್ಮೊಮ್ಮೆ ಒಂದು ಗುಟುಕು ಬಿಳಿ ವೈನು. ಇವತ್ತು ನಿಂಬೆಹಣ್ಣು ಕೈಗೆಟಕುವಲ್ಲೇ ಇದ್ದರೂ ಎಟೆಲ್ಕಾ ಅದನ್ನು ಪಕ್ಕಕ್ಕೆ ಸರಿಸಿದಳು.

"ನಿಂಬೆ," ಅಂದಳು ಚಿಲ್ಲಾ, ಹಲ್ಲು ಕಚ್ಚಿಕೊಂಡೇ.

"ಗಾಯಕ್ಕೆ ಉರಿಯುತ್ತೆ. ಚಕ್ಕೆನೂ ಅಷ್ಟೆ. ಬರೀ ಹಣ್ಣು, ಒಂಚೂರು ಬೆಣ್ಣೆ. ತುಂಬ ಬಿಸಿನೂ ಇರಬಾರದು. ನಾಲಿಗೆ ಮೇಲಿಟ್ಕೊಂಡು ತಾನಾಗೇ ಜಾರೋಕೆ ಬಿಡಬೇಕು. ನುಂಗೋಕೆ ಹೋದ್ರೆ ದವಡೆ ಎಳೆಯುತ್ತೆ."

ಚಿಲ್ಲಾ ಬಟ್ಟೆ ಕೆಳಗಿಟ್ಟಳು. "ನಿಮಗ್ಯಾರು ಹೇಳ್ಕೊಟ್ರು?"

ಎಟೆಲ್ಕಾ ಕುಕ್ಕರನ್ನು ನಲ್ಲಿಯ ಕೆಳಗೆ ಹಿಡಿದು ತಣ್ಣೀರು ಬಿಟ್ಟಳು. ಹಬೆ ಬುಸುಗುಟ್ಟಿ ಆರಿತು. ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಬೆಂದ ಹೋಳುಗಳನ್ನು ಜರಡಿಗೆ ಸುರಿದು ಕೈಹಿಡಿ ತಿರುಗಿಸತೊಡಗಿದಳು. ಹಳದಿ ಗೊಜ್ಜು ಬೋಗುಣಿಗೆ ಇಳಿಯಿತು. ಕೆಂಪು ಸಿಪ್ಪೆಗಳು ಮೇಲುಳಿದವು.

"ನಮ್ಮತ್ತೆ," ಅಂದಳು ಕೊನೆಗೆ. "ಆಗ ಈ ಸಾಮಾನೆಲ್ಲ ಎಲ್ಲಿತ್ತು? ಸೌದೆ ಒಲೆ, ಕುದುರೆ ಕೂದಲಿನ ಜರಡಿ. ಮಾಡೋ ಹೊತ್ತಿಗೆ ಹಸಿವೇ ಸತ್ತುಹೋಗಿರ್ತಿತ್ತು. ಕುಕ್ಕರ್ ತಂದಿದ್ದು ದೆಜೋನೇ. ನನ್ನ ಮೇಲಿನ ಹಲ್ಲು ಉದುರಿದ ವರ್ಷ, ಕ್ರಿಸ್‌ಮಸ್ಸಿಗೆ." ದೆಜೋ ಅವಳ ಗಂಡ. ಸತ್ತು ಊರಿನ ಸ್ಮಶಾನ ಸೇರಿ ಬಹಳ ಕಾಲವಾಗಿತ್ತು. "ಕೆಟ್ಟವನಲ್ಲ. ಕೈ ಮುಂದು, ಅಷ್ಟೆ. ಆಮೇಲೆ ಅವನೇ ಕೂತು ತಿನ್ನಿಸ್ತಿದ್ದ, ಚಮಚದಲ್ಲಿ."

ಎಟೆಲ್ಕಾ ಬಟ್ಟಲಿಗೆ ಗೊಜ್ಜು ಬಡಿಸಿ ಬೆಣ್ಣೆ ಹಾಕಿ ಕದಡಿ, ಚಮಚದ ಬೆನ್ನನ್ನು ತನ್ನ ತುಟಿಗೆ ತಾಗಿಸಿ ನೋಡಿದಳು. ಇನ್ನೂ ಸುಡುತ್ತಿತ್ತು. ಆರಲೆಂದು ಬಟ್ಟಲನ್ನು ಸೊಸೆಯ ಮುಂದಿಟ್ಟಳು.

"ಬೇಡ," ಅಂದಳು ಚಿಲ್ಲಾ.

"ತಿನ್ನದಿದ್ರೆ ತಲೆ ಸುತ್ತುತ್ತೆ ಕಣೆ."

"ಬೇಡ ಅತ್ತೆ." ಒಂದೊಂದು ಮಾತಿಗೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. "ನೀವು ಇದನ್ನ ಇಷ್ಟು ಚೆನ್ನಾಗಿ ಮಾಡ್ತೀರಿ. ಅದಕ್ಕೇ ಯಾರೂ ಆಸ್ಪತ್ರೆಗೆ ಹೋಗಲ್ಲ. ನಾನು ಹೋಗ್ತೀನಿ."

ಎಟೆಲ್ಕಾಳಿಗೆ ಸಿಟ್ಟು ಬಂತು. ಬೆಳಗಿನಿಂದ ನಿಂತ ಕಾಲಲ್ಲಿ ನಿಂತು, ಈ ವಯಸ್ಸಿನಲ್ಲಿ, ಈ ಹುಡುಗಿಗೋಸ್ಕರ. ಬಯ್ಯಲು ಬಾಯಿ ತೆರೆದಳು. ಆಗ ಕಾರು ಅಂಗಳಕ್ಕೆ ಬಂದ ಸದ್ದಾಯಿತು.

ಬಾಲಿಂಟ್ ಬೂಟು ಬಿಚ್ಚಿ ಒಳಗೆ ಬಂದ. ಕುಡಿದಿದ್ದ, ಆದರೆ ತೂರಾಡುತ್ತಿರಲಿಲ್ಲ. ಕೈಯಲ್ಲಿ ಮಿಠಾಯಿ ಅಂಗಡಿಯ ದಾರ ಕಟ್ಟಿದ ಪೆಟ್ಟಿಗೆ ಇತ್ತು. ಅದನ್ನು ಮೇಜಿನ ಮೇಲಿಟ್ಟು ಹೆಂಡತಿಯ ಮುಖ ನೋಡಿ, ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದ.

"ಗೊಜ್ಜಿನ ವಾಸನೆ," ಅಂದ. "ಬಾವಿ ಹತ್ರಾನೇ ಬಂತು ಮೂಗಿಗೆ. ನಂಗೂ ಒಂಚೂರು ಇದ್ಯಾ ಅಮ್ಮ?"

ಆ ದನಿ ಎಟೆಲ್ಕಾಳಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವನಿದ್ದಾಗ ಅಪ್ಪನ ಕೈಯಲ್ಲಿ ಏಟು ತಿಂದು, ತುಟಿ ಒಡೆದುಕೊಂಡು, ಇದೇ ಮೇಜಿನ ಕೆಳಗೆ ಕೂತು ಹೀಗೇ ಕೇಳುತ್ತಿದ್ದ. ಅವಳು ಮೇಜಿನ ಕೆಳಗೆ ಚಮಚ ಚಾಚಿ ತಿನ್ನಿಸುತ್ತಿದ್ದಳು. ಈಗಲೂ ಅವಳ ಕೈ ತಾನಾಗೇ ಇನ್ನೊಂದು ಬಟ್ಟಲಿಗೆ ಹೋಯಿತು.

"ಕಾರಿನ ಕೀ ಕೊಡು," ಅಂದಳು ಚಿಲ್ಲಾ.

"ಎಲ್ಲಿಗೆ?"

"ಆಸ್ಪತ್ರೆಗೆ."

ಬಾಲಿಂಟ್ ನಕ್ಕ. "ಹೋಗಿ ಏನಂತೀಯಾ? ಏಣಿಯಿಂದ ಬಿದ್ದೆ ಅಂತೀಯಾ? ನಗ್ತಾ ನಗ್ತಾ ಬಿದ್ದೆ ಅನ್ನು. ನಗೋಕೆ ಚೆನ್ನಾಗಿ ಬರುತ್ತಲ್ಲ ನಿಂಗೆ, ಕೂಲಿಯೋರ ಮುಂದೆ."

"ನೀನು ಹೊಡೆದೆ ಅಂತೀನಿ."

ಅವನು ಮೇಜನ್ನು ಬಳಸಿ ಬಂದು ಹೆಂಡತಿಯ ಹಿಂದೆ ನಿಂತ. "ಅಮ್ಮ ನಿಂಗೋಸ್ಕರ ಮಾಡಿದ್ದಾಳೆ," ಅಂದ. "ಮೊದಲು ತಿನ್ನು."

"ಬೇಡ."

"ತಿನ್ನು ಅಂದೆ."

ಅವನು ಅವಳ ಜಡೆಯನ್ನು ಬುಡದಲ್ಲಿ ಹಿಡಿದು ಮುಖವನ್ನು ಬಟ್ಟಲಿನ ಕಡೆ ಬಗ್ಗಿಸಿದ. ಚಿಲ್ಲಾ ಎರಡೂ ಕೈಯನ್ನು ಮೇಜಿಗೆ ಊರಿ ತಡೆದಳು. ಬಟ್ಟಲಿನಿಂದ ಇನ್ನೂ ಹಬೆ ಏಳುತ್ತಿತ್ತು. "ಬಿಡೋ, ಬಿಸಿ ಇದೆ," ಅಂದಳು ಎಟೆಲ್ಕಾ ಅವನ ತೋಳು ಹಿಡಿದು. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ತಾಯಿಯನ್ನು ತಳ್ಳಿದ. ಅವಳ ಸೊಂಟ ಒಲೆಗೆ ಬಡಿಯಿತು. ಮೇಜಿಗೆ ಊರಿದ್ದ ಚಿಲ್ಲಾಳ ಕೈ ಜಾರಿತು. ಊದಿದ ಕೆನ್ನೆ ಗೊಜ್ಜಿನೊಳಗೆ ಇಳಿಯಿತು. ಬಾಯಿ ತೆರೆಯಲಾಗದವಳು ಮೂಗಿನಿಂದ ಚೀರಿದಳು.

ಎಟೆಲ್ಕಾಳ ಕೈಗೆ ಕುಕ್ಕರಿನ ಮುಚ್ಚಳ ಸಿಕ್ಕಿತು. ಹಳೆಯ ಕಾಲದ್ದು, ದಪ್ಪ ಉಕ್ಕಿನದು, ಉದ್ದ ಹಿಡಿಯದ್ದು. ಅವಳು ಬೀಸಿದಳು. ಅಂಚು ಬಾಲಿಂಟನ ಕಿವಿಯ ಮುಂದೆ ತಾಗಿತು. ಅವನು ಜಡೆ ಬಿಟ್ಟು, ನಂಬಲಾಗದವನ ಹಾಗೆ ತಾಯಿಯ ಕಡೆ ತಿರುಗಿದ.

"ಅಮ್ಮ," ಅಂದ.

ಅವಳು ಎರಡೂ ಕೈಯಿಂದ ಹಿಡಿದು ಇನ್ನೊಂದು ಸಲ ಬೀಸಿದಳು. ಮೊದಲ ಏಟು ಎಲ್ಲಿಗೆ ಬೀಳುತ್ತದೆಂದು ಅವಳು ನೋಡಿರಲಿಲ್ಲ. ಇದನ್ನು ನೋಡಿಕೊಂಡೇ ಹೊಡೆದಳು, ದವಡೆಗೆ. ಒಣಗಿದ ಕೊಂಬೆ ಮುರಿದಂಥ ಸದ್ದು ಬಂತು. ಅವನು ಮೇಜಿನ ಅಂಚು ಹಿಡಿಯಲು ಹೋಗಿ, ಮಿಠಾಯಿ ಪೆಟ್ಟಿಗೆಯನ್ನೂ ಬೋಗುಣಿಯನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದ. ಏಳಲು ಮೊಣಕಾಲೂರಿದಾಗ ಬೆನ್ನಿಗೆ ಇನ್ನೊಂದು ಬಿತ್ತು. ಅವನ ಕೈ ಗೊಜ್ಜಿನಲ್ಲಿ ಜಾರಿತು. ಬಾಯಿಂದ ರಕ್ತದ ಜೊತೆ ಎರಡು ಹಲ್ಲು ಹಂಚಿನ ನೆಲದ ಮೇಲೆ ಬಿದ್ದವು. ಆಮೇಲೆ ಅವನು ಏಳಲಿಲ್ಲ. ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಅಂಗೈಯಲ್ಲಿ ದವಡೆ ಹಿಡಿದು, ಮೇಜಿನ ಕಾಲಿಗೆ ಒರಗಿ ನರಳುತ್ತಾ ಮಲಗಿದ.

ಚಿಲ್ಲಾ ನಲ್ಲಿಯ ಕೆಳಗೆ ಮುಖ ಹಿಡಿದಿದ್ದಳು. ಹೊರಗೆ ಕೊಯ್ಯುವ ಹೆಂಗಸರ ಮಾತು ನಿಂತಿತ್ತು.

ಎಟೆಲ್ಕಾ ಮುಚ್ಚಳವನ್ನು ಒಲೆಯ ಮೇಲಿಟ್ಟಳು. ಮೇಜಿನ ಮೇಲೆ ಉಳಿದಿದ್ದ ಒಂದು ಸೇಬು ತೆಗೆದುಕೊಂಡಳು. ಏಪ್ರನ್ನಿಗೆ ಒರೆಸಿ, ಗಾಲಿಕತ್ತರಿಯನ್ನು ಅದರ ನೆತ್ತಿಗಿಟ್ಟು ಒತ್ತಿದಳು. ಹೋಳುಗಳನ್ನು ಖಾಲಿ ಕುಕ್ಕರಿಗೆ ಹಾಕಿದಳು. ನಲ್ಲಿಯ ಬಳಿ ಬಂದು ನೀರಿಗೆ ಕುಕ್ಕರ್ ಹಿಡಿದಾಗ ಚಿಲ್ಲಾ ಮುಖವೆತ್ತಿ ಅವಳನ್ನು ನೋಡಿದಳು.

"ಏನ್ ಮಾಡ್ತಿದ್ದೀರಿ?"

"ಅವನಿಗೆ ಅಗಿಯೋಕೆ ಆಗಲ್ಲ," ಅಂದಳು ಎಟೆಲ್ಕಾ.

ಚಿಲ್ಲಾ ಅವಳ ಕೈಯಿಂದ ಕುಕ್ಕರನ್ನು ಬಿಡಿಸಿಕೊಂಡಳು. ಎಟೆಲ್ಕಾ ಬೇಗ ಬಿಡಲಿಲ್ಲ. ಒಂದು ಗಳಿಗೆ ಇಬ್ಬರೂ ಹಿಡಿಯನ್ನು ಹಿಡಿದೇ ನಿಂತಿದ್ದರು. ಆಮೇಲೆ ಅತ್ತೆಯ ಬೆರಳುಗಳು ಸಡಿಲವಾದವು. ಚಿಲ್ಲಾ ನಲ್ಲಿ ಮುಚ್ಚಿ, ಗಂಡನ ಹತ್ತಿರ ಬಗ್ಗಿ, ಅವನ ಜೇಬಿನಿಂದ ಕಾರಿನ ಕೀಲಿಯನ್ನೂ ಫೋನನ್ನೂ ತೆಗೆದಳು. ಅವನು ಅವಳ ಮಣಿಕಟ್ಟು ಹಿಡಿಯಲು ಕೈಯೆತ್ತಿದ. ಎಟೆಲ್ಕಾ ಒಂದು ಹೆಜ್ಜೆ ಮುಂದೆ ಬಂದಳು. ಕೈ ಕೆಳಗಿಳಿಯಿತು.

ತುರ್ತು ಸಂಖ್ಯೆ ಒತ್ತಿದ ಚಿಲ್ಲಾಳಿಗೆ ಮಾತು ಹೊರಡಲಿಲ್ಲ. ಫೋನನ್ನು ಅತ್ತೆಗೆ ಕೊಟ್ಟಳು.

"ಆಂಬುಲೆನ್ಸ್ ಬೇಕು," ಅಂದಳು ಎಟೆಲ್ಕಾ. ಊರು, ಬೀದಿ ಹೇಳಿದಳು. "ನನ್ನ ಮಗನ ದವಡೆ ಮುರಿದಿದೆ. ಸೊಸೇದೂ ಮುರಿದಿದೆ. ಅವಳಿಗೆ ಮುಖಾನೂ ಸುಟ್ಟಿದೆ." ಆ ಕಡೆಯವರು ಏನೋ ಕೇಳಿದರು. "ಹೂಂ, ಇಬ್ಬರು. ಅವಳಿಗೆ ಹೊಡೆದಿದ್ದು ಅವನು. ಅವನಿಗೆ ಹೊಡೆದಿದ್ದು ನಾನು." ಮತ್ತೇನೋ ಕೇಳಿದರು. "ತಾಯಿ. ನಾನು ಅವನ ತಾಯಿ. ಪೊಲೀಸರನ್ನೂ ಕಳಿಸಿ."

ಆಂಬುಲೆನ್ಸು ಮೊದಲು ಬಾಲಿಂಟನನ್ನು ಒಯ್ದಿತು. ಸ್ಟ್ರೆಚರಿನ ಮೇಲಿಂದ ಅವನು ತಾಯಿಯನ್ನೇ ನೋಡುತ್ತಿದ್ದ. ಅವಳೂ ನೋಡಿದಳು, ಹತ್ತಿರ ಹೋಗಲಿಲ್ಲ. ಚಿಲ್ಲಾ ಅದನ್ನು ಹತ್ತಲು ಒಪ್ಪದೆ ಇನ್ನೊಂದು ಗಾಡಿಗೆ ಕಾದು ಹೊರಟಳು. ಹತ್ತುವ ಮುನ್ನ ಏನೋ ಹೇಳಲು ಅತ್ತೆಯ ಕಡೆ ತಿರುಗಿದಳು. ಅಷ್ಟರಲ್ಲಿ ಮುಖಕ್ಕೆ ಪಟ್ಟಿ ಕಟ್ಟಿಯಾಗಿತ್ತು. ಕೈಯೆತ್ತಿ ಅತ್ತೆಯ ಭುಜದ ಮೇಲಿಟ್ಟು ತೆಗೆದಳು.

ಪೊಲೀಸರಲ್ಲಿ ಒಬ್ಬಾಕೆ ಒಳಗೆ ಫೋಟೋ ತೆಗೆಯುತ್ತಿದ್ದಳು. ಇನ್ನೊಬ್ಬ ಎಟೆಲ್ಕಾಳನ್ನು ಬಾವಿಯ ಪಕ್ಕದ ಬೆಂಚಿನಲ್ಲಿ ಕೂರಿಸಿ, "ಕೈ ತೊಳೀಬೇಡಿ ಅಜ್ಜಿ, ಒಳಗಿರೋ ಮೇಡಂ ಬಂದು ನೋಡೋವರೆಗೂ ಹಾಗೇ ಇರ್ಲಿ," ಅಂದ. ಅವಳು ಆಗಲಿ ಅಂದು, ಎರಡೂ ಅಂಗೈಯನ್ನು ಮೇಲ್ಮುಖವಾಗಿ ಮಡಿಲಲ್ಲಿ ಇಟ್ಟುಕೊಂಡಳು. ಮೊಣಕೈಯವರೆಗೂ ಸೇಬಿನ ರಸ ಅಂಟಿ ಒಣಗಿತ್ತು. ಬಿಸಿಲು ಬೆನ್ನಿಗೆ ಬೀಳುತ್ತಿತ್ತು.

ತೋಟದ ಕಡೆಯಿಂದ ಕಣಜದ ಹುಳುಗಳು ಬಂದವು. ಮೊದಲು ಒಂದು, ಆಮೇಲೆ ನಾಲ್ಕೈದು. ಬೆರಳಿನ ಸಂದಿಗಳಲ್ಲಿ, ಮಣಿಕಟ್ಟಿನ ಮಡಿಕೆಗಳಲ್ಲಿ ಕೂತು ಹೀರತೊಡಗಿದವು. ಪೊಲೀಸಿನವನು ಟೋಪಿಯಿಂದ ಓಡಿಸಲು ಬಂದ. ಎಟೆಲ್ಕಾ ತಲೆಯಾಡಿಸಿ ಬೇಡವೆಂದಳು. ಕೈ ಅಲುಗಿಸದೆ, ಅವು ಒಂದೊಂದಾಗಿ ನಡೆದಾಡುವುದನ್ನು ನೋಡುತ್ತಾ ಕೂತಳು.